ಪೂರ್ವಸೇವೆಯ ಲೆಕ್ಕ

ಹಿಂದಿನ ಸಂಚಿಕೆಯಲ್ಲಿ ನಾವು ದೀಪಾವಳಿಯ ಮುಂಚಿನ ಭಾನುವಾರ ಸಂಸಾರ ಸಮೇತರಾಗಿ ಪುರಸೈವಾಕ್ಕಂ ಹೈರೋಡಿಗೆ ಜವಳಿ ಕೊಳ್ಳಲು ಹೋಗಿ, ಒಂದೇ ಕಾಲಿನ ಚಪ್ಪಲಿಯೊಡನೆ ಮನೆಗೆ ಮರಳಿದ ಕಥೆಯನ್ನು ಬರೆದಿದ್ದೆವಷ್ಟೆ. ಅದನ್ನು ಓದಿದ ನಮ್ಮ ಸಂಘದ ಹಿರಿಯರೊಬ್ಬರು ಗಂಗಾಧರೇಶ್ವರನ ಗುಡಿಯ ಮುಂದೆ ನಮ್ಮನ್ನು ತಡೆದು ನಿಲ್ಲಿಸಿ, "ಏನ್ ರಾಯರೇ, ಜವಳಿ, ತರಕಾರಿ, ನಲ್ಲಿ ನೀರು, ಇಷ್ಟೇ ಆಯಿತಲ್ಲ ನಿಮ್ಮ ಅಂಕಣ. ಸಂಗೀತ, ಸಾಹಿತ್ಯ ಅಂತಲೂ ಪ್ರಪಂಚದಲ್ಲಿ ಒಂದುಂಟು ನೋಡಿ" ಎಂದರು. ಅವರ ಅಪ್ಪಣೆಯಂತೆ ಈ ಸಲ ಜವಳಿಯನ್ನು ಬಿಟ್ಟು ಜಾವಳಿಯ ವಿಷಯವನ್ನು ಹಿಡಿದಿದ್ದೇವೆ. ಸಂಗೀತದಲ್ಲಿ ನಮಗಿರುವ ಪಾಂಡಿತ್ಯ ಎಷ್ಟೆಂಬುದು ಬೆಳಿಗ್ಗೆ ಬಚ್ಚಲುಮನೆಯ ಪಕ್ಕದಲ್ಲಿ ಹಾದುಹೋಗುವ ನೆರೆಹೊರೆಯವರಿಗೆ ಚೆನ್ನಾಗಿ ಗೊತ್ತು. ಆದುದರಿಂದ ರಾಗ ತಾಳಗಳ ಗೊಡವೆಗೆ ಹೋಗದೆ, ಹಾಡುವವರ ವಿಚಾರವನ್ನಷ್ಟೆ ಹೇಳುತ್ತೇವೆ.

ಸಂಗತಿ ಶುರುವಾದದ್ದು ನಮ್ಮ ಅಕ್ಕನ ಮಗನಿಂದ. ತರಮಣಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಈ ಹುಡುಗ ಶನಿವಾರ ರಾತ್ರಿ ನಮ್ಮಲ್ಲಿಗೆ ಊಟಕ್ಕೆ ಬರುವುದುಂಟು. ಆವತ್ತು ಊಟವಾದ ಮೇಲೆ ಮೊಬೈಲಿನಲ್ಲಿ ಏನೋ ಹಾಕಿಕೊಂಡು ತಲೆದೂಗುತ್ತಿದ್ದ. ನಮ್ಮ ಸೋದರತ್ತೆ, ಎಂಬತ್ತೆರಡು ವರ್ಷದವರು, ನಂಜನಗೂಡಿನವರು, ಎಲೆ ಅಡಿಕೆ ಮೆಲ್ಲುತ್ತ, "ಅದೇನೋ ಅದು?" ಎಂದು ಕೇಳಿದರು.

"ಸೋಲ್ ಸಂಗೀತ ಅಜ್ಜಿ."

"ಸೋಲಿನ ಸಂಗೀತವೆ? ಪಾಪ, ಸೋತವರೆಲ್ಲ ಸೇರಿ ಹಾಡೋದೇನೋ?"

ಹುಡುಗ ನಕ್ಕು, ಅದು ನಮ್ಮ ಸೋಲಲ್ಲ, ಇಂಗ್ಲಿಷಿನಲ್ಲಿ ಆತ್ಮ ಎಂದು ಅರ್ಥ, ಅಮೆರಿಕದ ಕರಿಯ ಜನರು ಕಟ್ಟಿಕೊಂಡ ಹಾಡಿನ ಬಗೆ ಎಂದು ವಿವರಿಸಿದ. ಅತ್ತೆಯವರು ತಮ್ಮ ಅರ್ಥವನ್ನು ಪೂರ್ತಿ ಬಿಟ್ಟುಕೊಟ್ಟಂತೆ ಕಾಣಲಿಲ್ಲ. ಹಾಡುತ್ತಿದ್ದವನ ಹೆಸರು ಆಲ್ ಗ್ರೀನ್. ಹುಡುಗನಾಗಿದ್ದಾಗ ಅಣ್ಣತಮ್ಮಂದಿರೊಡನೆ ದೇವರ ಹಾಡುಗಳನ್ನೇ ಹಾಡುತ್ತಿದ್ದವನಂತೆ. ಪ್ರೇಮಗೀತೆಗಳ ರೆಕಾರ್ಡು ಕೇಳುತ್ತಾನೆಂದು ತಂದೆಯೇ ಮನೆಯಿಂದ ಹೊರಗೆ ಹಾಕಿದರಂತೆ. ಆಮೇಲೆ 1970ರ ದಶಕದ ಮೊದಲ ವರ್ಷಗಳಲ್ಲಿ ಅದೇ ಪ್ರೇಮಗೀತೆಗಳಿಂದ ಆ ದೇಶದಲ್ಲಿ ದೊಡ್ಡ ಹೆಸರಾಯಿತು. 1976ರಲ್ಲಿ ಮೆಂಫಿಸ್ ಎಂಬ ಊರಿನಲ್ಲಿ ಒಂದು ಚರ್ಚನ್ನೇ ಕೊಂಡು ತಾನೇ ಅಲ್ಲಿನ ಪಾದ್ರಿಯಾದ. 1979ರಲ್ಲಿ ವೇದಿಕೆಯ ಮೇಲಿನಿಂದ ಬಿದ್ದು ಪೆಟ್ಟಾದುದನ್ನು ದೇವರು ಕೊಟ್ಟ ಎಚ್ಚರಿಕೆಯೆಂದು ತಿಳಿದು, ಹಲವು ವರ್ಷ ದೇವರ ಹಾಡುಗಳಿಗೇ ನಿಂತುಬಿಟ್ಟ. ಈ ಬಗೆಯ ದೇವರ ಹಾಡಿಗೆ ಅವರು ಗಾಸ್ಪೆಲ್ ಎನ್ನುತ್ತಾರೆ, ಸುವಾರ್ತೆ ಎಂದು ಅರ್ಥ.

ಆ ದೇಶದಲ್ಲಿ ಈ ಎರಡು ಬಗೆಯ ಹಾಡಿಗೂ ತವರು ಒಂದೇ ಎಂಬುದು ಹುಡುಗನ ವಾದ. 1954ರಲ್ಲಿ ರೇ ಚಾರ್ಲ್ಸ್ ಎಂಬ ಕುರುಡ ಗಾಯಕ ಚರ್ಚಿನ ಧಾಟಿಗೆ ಹುಡುಗಿಯ ಮೇಲಿನ ಮಾತುಗಳನ್ನು ಜೋಡಿಸಿ ಹಾಡಿದಾಗ ಹಿರಿಯರು ಕಿಡಿಕಿಡಿಯಾದರಂತೆ. ಅದಕ್ಕೂ ಮುಂಚೆ ಥಾಮಸ್ ಡಾರ್ಸಿ ಎಂಬಾತ, ಪಾದ್ರಿಯ ಮಗ, 'ಜಾರ್ಜಿಯಾ ಟಾಮ್' ಎಂದು ಹೆಸರಿಟ್ಟುಕೊಂಡು ಪೋಲಿ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದವನು, ದೇವರ ಹಾಡುಗಳನ್ನು ಕಟ್ಟಿ ಚರ್ಚುಗಳಿಗೆ ಒಯ್ದ. ಅಲ್ಲಿ ಎಷ್ಟೋ ಕಡೆ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಮಡದಿ ಹೆರಿಗೆಯಲ್ಲಿ ತೀರಿಕೊಂಡು, ಹಸುಗೂಸೂ ಉಳಿಯದೆ ಹೋದ 1932ರಲ್ಲಿ ಆತ ಕಟ್ಟಿದ ಹಾಡನ್ನು ಇಂದು ಅಲ್ಲಿಯ ಜನ ಸಾವಿನ ಮನೆಯಲ್ಲಿ ಹಾಡಿಕೊಳ್ಳುತ್ತಾರೆ. ಬಾಗಿಲು ಹಾಕಿದ್ದವರ ಮೊಮ್ಮಕ್ಕಳು ಈಗ ಆತನನ್ನು ಗಾಸ್ಪೆಲ್ ಸಂಗೀತದ ಪಿತಾಮಹನೆಂದು ಕರೆಯುತ್ತಾರೆ.

ಇಷ್ಟನ್ನೂ ಕೇಳಿದ ಅತ್ತೆಯವರು ಎಲೆಯ ರಸವನ್ನು ನುಂಗಿ, "ಇದರಲ್ಲೇನೋ ಹೊಸದು? ನಮ್ಮೂರಿನ ನಾಗರತ್ನಮ್ಮ ಮಾಡಲಿಲ್ಲವೆ?" ಎಂದರು.

ಆ ಮಾತು ನಮ್ಮನ್ನು ಚುಚ್ಚಿತು. ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ಎರಡು ವಾರದ ಹಿಂದೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆ ನಡೆದಿತ್ತು. ಸಹಕಾರ್ಯದರ್ಶಿಗಳಾಗಿ ನಡವಳಿ ಬರೆಯುವ ಭಾಗ್ಯ ಎಂಟು ವರ್ಷದಿಂದ ನಮ್ಮದು; ಕಚೇರಿಯಲ್ಲಿ ಮಾಡುವ ಕೆಲಸವನ್ನೇ ಭಾನುವಾರ ಸಂಬಳವಿಲ್ಲದೆ ಮಾಡುತ್ತೇವೆ. ಪುಷ್ಯ ಮಾಸದ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಈ ಬಾರಿ ಹೆಂಗಸರ ಗೋಷ್ಠಿಯನ್ನು ಮುಂದೆ ಕುಳಿತು ನಡೆಸಲು ಯಾರು ಎಂಬ ಪ್ರಶ್ನೆ ಬಂತು. ಮೂರು ವರ್ಷದಿಂದ ನಮ್ಮ ಬೀದಿಯ ಮಕ್ಕಳಿಗೆಲ್ಲ ದೇವರನಾಮ ಹೇಳಿಕೊಡುತ್ತಿರುವ ಒಬ್ಬ ಸೋದರಿಯ ಹೆಸರನ್ನು ಯಾರೋ ಸೂಚಿಸಿದರು. ಹೆಸರು ಇಲ್ಲಿ ಬೇಡ. ಈ ಸೋದರಿ ಇಪ್ಪತ್ತು ವರ್ಷ ಇದೇ ಊರಿನ ಲೈಟ್ ಮ್ಯೂಸಿಕ್ ಆರ್ಕೆಸ್ಟ್ರಾಗಳಲ್ಲಿ ಹಾಡಿದವರು. ಮದುವೆಯ ರಿಸೆಪ್ಷನ್, ಕಂಪೆನಿಗಳ ವಾರ್ಷಿಕೋತ್ಸವ, ಆಡಿ ತಿಂಗಳಲ್ಲಿ ಅಮ್ಮನ ಗುಡಿಗಳ ಉತ್ಸವ. ತಮಿಳು, ತೆಲುಗು, ಕನ್ನಡ, ಕೇಳಿದ ಭಾಷೆಯಲ್ಲಿ ಕೇಳಿದ ಸಿನಿಮಾ ಹಾಡು. ಸೂಚನೆ ಬಂದ ಕೂಡಲೆ ಸಭೆಯಲ್ಲಿ ಮೌನ. ಆಮೇಲೆ ಒಬ್ಬರು, "ಕಂಠ ಚೆನ್ನಾಗಿದೆ, ಇಲ್ಲ ಅನ್ನೋಲ್ಲ. ಆದರೆ ಮೊನ್ನೆ ಮೊನ್ನೆಯವರೆಗೆ ಮೈಕು ಹಿಡಿದು ಹೆಜ್ಜೆ ಹಾಕುತ್ತ ಹಾಡಿದವರನ್ನು ದಾಸರ ಪಟದ ಮುಂದೆ ಕೂರಿಸೋದು ಅಂದರೆ..." ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರು. ಉಳಿದರ್ಧವನ್ನು ಉಳಿದವರು ಮನಸ್ಸಿನಲ್ಲಿ ಪೂರೈಸಿಕೊಂಡರು. ನಾವು ಏನು ಮಾಡಿದೆವು? 'ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ದುಂಡಗೆ ಬರೆದು ಕೆಳಗೆ ಗೆರೆ ಎಳೆದೆವು. ಇಂಥ ವಾಕ್ಯಗಳಲ್ಲಿ ನಮಗೆ ಒಳ್ಳೆಯ ಅಭ್ಯಾಸವಿದೆ.

ಈಗ ನಾಗರತ್ನಮ್ಮನವರ ವಿಷಯ. ಬೆಂಗಳೂರು ನಾಗರತ್ನಮ್ಮ ಎಂದೇ ಹೆಸರಾದ ಇವರು ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ತಂದೆ ವಕೀಲರು, ತಾಯಿ ಮಗಳನ್ನು ಕೈಬಿಟ್ಟರು. ಮೈಸೂರಿನ ಸಂಸ್ಕೃತ ವಿದ್ವಾಂಸರೊಬ್ಬರ ಆಶ್ರಯ ಸಿಕ್ಕಿತು, ಪಾಠವೂ ಆಯಿತು, ಕೊನೆಗೆ ಆ ಆಶ್ರಯವೂ ತಪ್ಪಿತು. ಬೆಂಗಳೂರಿನಲ್ಲಿ ಪಿಟೀಲು ಮುನಿಸ್ವಾಮಪ್ಪನವರಲ್ಲಿ ಸಂಗೀತ ಕಲಿತರು. ಅವರು ತ್ಯಾಗರಾಜರ ಶಿಷ್ಯಪರಂಪರೆಯವರು. ಹದಿನಾಲ್ಕನೆಯ ವಯಸ್ಸಿಗೆ ತಾಯಿಯೂ ಇಲ್ಲವಾದರು. ಸಂಗೀತ, ನಾಟ್ಯ, ಸಂಸ್ಕೃತ, ತೆಲುಗು ಎಲ್ಲವನ್ನೂ ಕೈವಶ ಮಾಡಿಕೊಂಡ ಈ ಹೆಣ್ಣುಮಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಮ್ಮ ನಿಮ್ಮಂತೆಯೇ, ಹೊಟ್ಟೆಪಾಡಿಗೂ ಹೆಸರಿಗೂ ಮದರಾಸಿನ ದಾರಿ ಹಿಡಿದರು. ಆಗಿನ ಮದರಾಸಿನಲ್ಲಿ ಸಂಗೀತವೆಂದರೆ ಜಾರ್ಜ್‌ಟೌನು. ವೀಣೆ ಧನಮ್ಮಾಳ್ ಅಲ್ಲಿಯೇ ಇದ್ದರು. ನಾವು ಇರುವ ಪುರಸೈವಾಕ್ಕಂನಿಂದ ವೇಪೇರಿ ದಾಟಿ ಸೆಂಟ್ರಲ್ ಸುತ್ತಿ ಹೋದರೆ ಬಸ್ಸಿನಲ್ಲಿ ಅರ್ಧ ಗಂಟೆ, ಸಂಜೆಯಾದರೆ ಒಂದು ಗಂಟೆ.

ಹೆಸರಾಯಿತು, ಹಣವಾಯಿತು, ಮನೆಯಾಯಿತು, ಒಡವೆಯಾಯಿತು. ಮದರಾಸಿನ ಕಲಾವಿದೆಯರಲ್ಲಿ ಮೊಟ್ಟಮೊದಲು ವರಮಾನ ತೆರಿಗೆ ಕಟ್ಟಿದವರು ಇವರೇ ಎನ್ನುತ್ತಾರೆ. ಸರ್ಕಾರಿ ಗುಮಾಸ್ತರಾದ ನಮಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದೂ ತೋಚದು. ಕೃತಿಗಳನ್ನು ಹಾಡುತ್ತಿದ್ದರು, ಪದಗಳನ್ನು ಹಾಡುತ್ತಿದ್ದರು, ಜಾವಳಿಗಳನ್ನೂ ಹಾಡುತ್ತಿದ್ದರು. ಜಾವಳಿಯೆಂದರೆ ಗೊತ್ತಲ್ಲ, ನಲ್ಲನನ್ನು ಕರೆಯುವುದು, ಬೈಯುವುದು, ಬರಲಿಲ್ಲವೆಂದು ಸಖಿಯ ಹತ್ತಿರ ದೂರುವುದು. ಸುಮಾರು ಹತ್ತೊಂಬತ್ತನೆಯ ಶತಮಾನದಲ್ಲಿ, ನಮ್ಮ ಮೈಸೂರು ಅರಮನೆಯ ಪೋಷಣೆಯೂ ದೊರೆತು ಬೆಳೆದ ಹಾಡು. ಮನೆತನಸ್ಥರು ಕಚೇರಿಯಲ್ಲಿ ಅದನ್ನು ಕೇಳಿ ತಲೆದೂಗಿ, ಮನೆಗೆ ಬಂದು ಹೆಣ್ಣುಮಕ್ಕಳಿಗೆ ಮಾತ್ರ ಕಲಿಸಕೂಡದೆನ್ನುತ್ತಿದ್ದ ಕಾಲ ಅದು.

1910ರಲ್ಲಿ ಒಂದು ಕೆಲಸ ಮಾಡಿದರು. ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ಹದಿನೆಂಟನೆಯ ಶತಮಾನದಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯ ಅದಕ್ಕೆ ಮುಂಚೆ ಅಚ್ಚಾಗಿತ್ತು. ಆದರೆ ಕೆಲವು ಪದ್ಯಗಳನ್ನು ಕತ್ತರಿಸಿ ಅಚ್ಚು ಹಾಕಿದ್ದರು. ನಾಗರತ್ನಮ್ಮನವರು ಪೂರ್ಣ ಪಾಠವನ್ನು ಹುಡುಕಿ ತೆಗೆದು, ವಾವಿಳ್ಳ ಅವರ ಪ್ರಕಟಣಾಲಯದಿಂದ ಹೊರತಂದರು. ಕಂದುಕೂರಿ ವೀರೇಶಲಿಂಗಂ ಪಂತುಲು, ದೊಡ್ಡವರು, ವಿಧವಾ ವಿವಾಹಕ್ಕಾಗಿ ದುಡಿದ ಮಹನೀಯರು, ಮುದ್ದುಪಳನಿಯನ್ನು ಹೀನಾಯವಾಗಿ ಬರೆದಿದ್ದರು. ಅವರಿಗೆ ನಾಗರತ್ನಮ್ಮನವರು ಪೀಠಿಕೆಯಲ್ಲಿಯೇ ಉತ್ತರ ಕೊಟ್ಟರು: ಈ ನಾಚಿಕೆ, ಈ ಮರ್ಯಾದೆಗಳೆಲ್ಲ ಹೆಂಗಸು ಬರೆದಾಗ ಮಾತ್ರವೇ, ಗಂಡಸರು ಬರೆದ ಇದಕ್ಕಿಂತ ಮೀರಿದ ಶೃಂಗಾರಕ್ಕೆ ಅದು ಅನ್ವಯಿಸುವುದಿಲ್ಲವೇ ಎಂಬುದು ಅದರ ತಾತ್ಪರ್ಯ. ಹೆಚ್ಚು ಕಾಲ ಹೋಗಲಿಲ್ಲ. ಆಕ್ಷೇಪಣೆ ಎದ್ದು ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ಹೋದದ್ದು 1947ರಲ್ಲಿ. ಒಂದು ಕಡತ ಅಷ್ಟು ವರ್ಷ ಮೇಜಿನ ಮೇಲೆ ಮಲಗಿತ್ತೆಂದರೆ ಆ ಇಲಾಖೆಯ ಬಗ್ಗೆ ನಮಗೆ ಒಂದು ಬಗೆಯ ಗೌರವವೇ ಹುಟ್ಟುತ್ತದೆ.

1921ರ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ತಿರುವೈಯಾರಿನಲ್ಲಿ ಕಾವೇರಿಯ ದಡದ ಮೇಲೆ ತ್ಯಾಗರಾಜರ ಸಮಾಧಿ ಹಾಳು ಬಿದ್ದಿದೆಯೆಂಬ ಸುದ್ದಿ ಅವರ ಕಿವಿಗೆ ಬಿತ್ತು. 1847ರಲ್ಲಿ ತ್ಯಾಗರಾಜರು ತೀರಿಕೊಂಡಾಗ ಶಿಷ್ಯರು ಕಟ್ಟಿದ ಚಿಕ್ಕ ಬೃಂದಾವನ ಗಿಡಗಂಟಿಗಳಲ್ಲಿ ಮುಚ್ಚಿಹೋಗಿತ್ತು. ತ್ಯಾಗರಾಜರು ಕನಸಿನಲ್ಲಿ ಬಂದರೆಂದೂ ಹೇಳುತ್ತಾರೆ. ಕನಸನ್ನು ನಂಬುವುದೂ ಬಿಡುವುದೂ ಅವರವರ ಇಷ್ಟ. ಆಮೇಲೆ ನಡೆದದ್ದಕ್ಕೆ ಮಾತ್ರ ಕಲ್ಲಿನ ಸಾಕ್ಷಿ ಇದೆ. ಅದೇ ವರ್ಷ ಶಂಕುಸ್ಥಾಪನೆಯಾಯಿತು. ತಮ್ಮ ಒಡವೆಯನ್ನೂ ಗಳಿಸಿದ ಹಣವನ್ನೂ ಸುರಿದು ಗುಡಿ ಕಟ್ಟಿಸಿದರು. 1925ರ ಜನವರಿಯಲ್ಲಿ ಕುಂಭಾಭಿಷೇಕವಾಯಿತು. ಕೊನೆಗೆ ಮದರಾಸನ್ನು ಬಿಟ್ಟು ತಿರುವೈಯಾರಿನಲ್ಲಿಯೇ ನೆಲೆಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಹರಿಕಥೆಯವರಿಗೆ ಬಹಳ ಅನುಕೂಲವಾಗುತ್ತಿತ್ತು: ಗಣಿಕೆಯೊಬ್ಬಳು ಪಶ್ಚಾತ್ತಾಪಪಟ್ಟು ಭಕ್ತೆಯಾದಳು, ಮಂಗಳಂ. ಆದರೆ ತಾವು ಕಟ್ಟಿಸಿದ ಗುಡಿಯಲ್ಲಿ ಹಾಡಲು ಅವರಿಗೆ ಎಡೆ ಇರಲಿಲ್ಲ. ಆರಾಧನೆ ನಡೆಸುತ್ತಿದ್ದವರು ಎರಡು ಕಕ್ಷಿ, ಪೆರಿಯ ಕಕ್ಷಿ ಮತ್ತು ಚಿನ್ನ ಕಕ್ಷಿ. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ, ಆದರೆ ಸನ್ನಿಧಿಯಲ್ಲಿ ಹೆಂಗಸರು ಹಾಡಕೂಡದೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ನಾಗರತ್ನಮ್ಮನವರು ಅಳುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರದೇ ಮೂರನೆಯ ಕಕ್ಷಿಯನ್ನು ಕಟ್ಟಿ, ಗುಡಿಯ ಹಿಂಭಾಗದಲ್ಲಿ ಬೇರೆಯಾಗಿ ಆರಾಧನೆ ಮಾಡಿಸಿದರು. ನಾಡಿನ ನಾನಾ ಕಡೆಯಿಂದ ಕಲಾವಿದೆಯರು ಬಂದು ಹಾಡಿದರು. ಕೊನೆಗೆ 1941ರಲ್ಲಿ ಕಕ್ಷಿಗಳೆಲ್ಲ ಒಂದಾಗಿ, ಹೆಂಗಸರು ಗಂಡಸರು ಒಂದೇ ಉತ್ಸವದಲ್ಲಿ ಹಾಡುವಂತಾಯಿತು. ಇಂದು ಪುಷ್ಯ ಬಹುಳ ಪಂಚಮಿಯ ದಿನ ಟೀವಿಯಲ್ಲಿ ನಾವು ಕಾಣುವ ಪಂಚರತ್ನ ಗೋಷ್ಠಿಯಲ್ಲಿ ಒಂದು ಸಾಲು ಹೆಂಗಸರು ಕುಳಿತಿರುತ್ತಾರಲ್ಲ, ಅದರ ಹಿಂದೆ ಹದಿನಾಲ್ಕು ವರ್ಷದ ಹಠವಿದೆ.

ನಮಗೆ ಮುಖ್ಯವಾಗಿ ಕಂಡ ಸಂಗತಿ ಬೇರೊಂದುಂಟು. ದೇವರ ಕಡೆ ತಿರುಗಿದ ಮೇಲೆ ಅವರು ತಮ್ಮ ಹಿಂದಿನದನ್ನು ಅಳಿಸಿಹಾಕಲು ಹೋಗಲಿಲ್ಲ. 'ರಾಧಿಕಾ ಸಾಂತ್ವನ'ವನ್ನು ತಪ್ಪೆಂದು ಒಪ್ಪಲಿಲ್ಲ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದಾಗ, ವಿರೋಧಿಸಿ ಸಂಘಟಿತರಾದ ದೇವದಾಸಿಯರೊಡನೆ ಇವರೂ ನಿಂತರು. ಈ ವಿಷಯದಲ್ಲಿ ನಾವು ನಾಗರತ್ನಮ್ಮನವರ ಪಕ್ಷವಲ್ಲ. ಚಿಕ್ಕ ಹುಡುಗಿಯರನ್ನು ಗುಡಿಗೆ ಬಿಡುವುದನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಕುಲದಿಂದ ಬಂದವರಾದುದರಿಂದ ಅವರು ಕಂಡು ಉಂಡೇ ಮಾತನಾಡಿದರು. ಆದರೆ ತನ್ನ ಕುಲದ ಹೆಂಗಸರನ್ನೆಲ್ಲ ಒಟ್ಟಿಗೆ ಹೊಲಸೆಂದು ಬರೆದುಬಿಡಬೇಡಿ, ಅವರ ಕೈಯಲ್ಲಿ ವಿದ್ಯೆಯೂ ಆಸ್ತಿಯೂ ಇವೆ ಎಂದು ನಾಗರತ್ನಮ್ಮನವರು ಹೇಳಿದ್ದನ್ನು ತಳ್ಳಿಹಾಕಲೂ ಮನಸ್ಸು ಬಾರದು. ತಮ್ಮ ಆಸ್ತಿಯನ್ನು ತ್ಯಾಗರಾಜರ ಸೇವೆಗೆ ಬರೆದಿಟ್ಟಾಗಲೂ, ಅಲ್ಲಿ ಹೆಂಗಸರಿಗೆ, ದೇವದಾಸಿ ಕುಲದವರಿಗೂ ಸೇರಿ, ಪೂಜಿಸಲು ಹಾಡಲು ಅಡ್ಡಿಯಿರಕೂಡದೆಂಬುದನ್ನು ಉಯಿಲಿನಲ್ಲಿ ಸೇರಿಸಿದರು. ಒಳ್ಳೆಯ ಕರಡು ಎಂದರೆ ಇದು. ಮುಂದೆ ಯಾರು ಯಾವ ಸಭೆಯಲ್ಲಿ ವಾಕ್ಯವನ್ನು ಅರ್ಧಕ್ಕೆ ಬಿಟ್ಟಾರು ಎಂಬುದು ಆಕೆಗೆ ಮೊದಲೇ ಗೊತ್ತಿತ್ತು.

1952ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಸಮಾಧಿ ತ್ಯಾಗರಾಜರ ಸಮಾಧಿಯ ಹತ್ತಿರದಲ್ಲಿಯೇ ಇದೆ.

ಅದನ್ನು ನಾವು ಕಂಡದ್ದು ಕಳೆದ ತಿಂಗಳು. ಕಚೇರಿಯ ಕಡತಗಳ ಗಂಟನ್ನು ಹೊತ್ತು ತಂಜಾವೂರಿಗೆ ಹೋಗುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಎಗ್ಮೋರಿನಲ್ಲಿ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಇಳಿದು, ಕಡತಗಳನ್ನು ಒಪ್ಪಿಸಿ ರಸೀತಿ ಪಡೆದು, ಮಧ್ಯಾಹ್ನ ತಿರುವೈಯಾರಿನ ಬಸ್ಸು ಹಿಡಿದೆವು. ಹದಿಮೂರು ಕಿಲೋಮೀಟರಿಗೆ ಸೇತುವೆಯ ಮೇಲೆ ಸೇತುವೆ. ಐದು ಆರುಗಳ ಊರೆಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆರಾಧನೆಯ ಗದ್ದಲವಿಲ್ಲದ ದಿನ. ಸನ್ನಿಧಿಯಲ್ಲಿ ಯಾರೂ ಇರಲಿಲ್ಲ. ಹೆಂಗಸೊಬ್ಬಳು ಅಂಗಳ ಗುಡಿಸುತ್ತಿದ್ದಳು. ಹೊರಗೆ ಕಾವೇರಿಯಲ್ಲಿ ಸ್ವಲ್ಪ ನೀರಿತ್ತು. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದರಿಂದ, ನಾಗರತ್ನಮ್ಮನವರ ಊರಿನ ನೀರೂ ಇಲ್ಲಿಗೆ ಬಂದೇ ಬರುತ್ತದೆ ಎಂಬ ಲೆಕ್ಕ ತಲೆಗೆ ಹೊಳೆಯಿತು. ಎಷ್ಟು ಬರುತ್ತದೆ, ಯಾವ ತಿಂಗಳು ಬರುತ್ತದೆ ಎಂಬ ಮಾತು ಇಲ್ಲಿ ಬೇಡ. ಪಕ್ಕದ ಮನೆಯ ತಮಿಳು ಬಂಧುಗಳಿಗೂ ನಮ್ಮ ಪತ್ರಿಕೆಯನ್ನು ಓದಿ ಹೇಳುವ ವಾಡಿಕೆಯಿದೆ.

ನಾಗರತ್ನಮ್ಮನವರ ಮೂರ್ತಿ ತ್ಯಾಗರಾಜರ ಸನ್ನಿಧಿಯ ಕಡೆಗೆ ಮುಖ ಮಾಡಿದೆ. ಅದರೆದುರು ಸ್ವಲ್ಪ ಹೊತ್ತು ನಿಂತೆವು. ನಡವಳಿಯ ಪುಸ್ತಕದಲ್ಲಿ ನಾವು ಬರೆದ ವಾಕ್ಯ ನೆನಪಾಯಿತು. ಗುಡಿಸುತ್ತಿದ್ದ ಹೆಂಗಸು ನಮ್ಮನ್ನು ನೋಡಿ, "ಎಂಥ ಊರು?" ಎಂದು ತಮಿಳಿನಲ್ಲಿ ಕೇಳಿದಳು. ಮದರಾಸು ಎಂದೆವು. ಸ್ವಲ್ಪ ಯೋಚಿಸಿ, ಮೈಸೂರು ಎಂದೂ ಸೇರಿಸಿದೆವು. "ಅಮ್ಮನ ಊರಿನವರು" ಎಂದು ಆಕೆ ಪೊರಕೆಯನ್ನು ಗೋಡೆಗೊರಗಿಸಿ ನಮಗೆ ದಾರಿ ಬಿಟ್ಟಳು.

ಮರಳುವ ರೈಲಿನಲ್ಲಿ ನಿದ್ದೆ ಬರಲಿಲ್ಲ. ಮೇಲಿನ ಬರ್ತಿನಲ್ಲಿ ಮಲಗಿ ಪುರಂದರದಾಸರ ಪೂರ್ವಸೇವೆಯನ್ನು ಯೋಚಿಸಿದೆವು. ನವಕೋಟಿ ನಾರಾಯಣ, ಲೇವಾದೇವಿಯ ವ್ಯಾಪಾರಿ, ಜಿಪುಣಾಗ್ರೇಸರ ಎಂದೇ ಕಥೆ. ಆ ಕಥೆಯನ್ನು ನಾವು ಮುಚ್ಚಿಡುವುದಿಲ್ಲ. ಪ್ರತಿ ವರ್ಷ ಆರಾಧನೆಯ ದಿನ ಮೂಗುತಿಯ ಪ್ರಸಂಗವನ್ನು ಮಕ್ಕಳಿಂದ ನಾಟಕ ಆಡಿಸಿ ಚಪ್ಪಾಳೆ ತಟ್ಟುತ್ತೇವೆ. ಹಿಂದೆ ಎಷ್ಟು ಜಿಪುಣರಾಗಿದ್ದರೋ ಅಷ್ಟೂ ದಾಸರ ಹಿರಿಮೆ ಹೆಚ್ಚುತ್ತದೆ. ಸಿನಿಮಾದಲ್ಲಿ ಮರ ಸುತ್ತಿ ಹಾಡಿದ ನಮ್ಮ ರಾಜಕುಮಾರರು ರಾಘವೇಂದ್ರ ಸ್ವಾಮಿಗಳ ಮೇಲೆ ಹಾಡಿದರೆ, ಆ ಕ್ಯಾಸೆಟ್ಟನ್ನು ಗುರುವಾರ ದೇವರ ಮನೆಯ ಮುಂದೆಯೇ ಇಟ್ಟು ಕೇಳಿದವರು ನಾವು. ಯಾರೂ ಹಿಂದಿನ ಕಡತ ತರಿಸಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಹೆಂಗಸಾದರೂ ನೋಡದವರು ಈ ಊರಿನಲ್ಲಿಯೇ ಇದ್ದಾರೆ. ಆಡಿ ತಿಂಗಳು ಬಂತೆಂದರೆ ನಮ್ಮ ಬಡಾವಣೆಯ ಮೂಲೆಮೂಲೆಯ ಅಮ್ಮನ ಗುಡಿಗಳಲ್ಲಿ ಬೆಳಗಿನ ಐದಕ್ಕೆ ಸ್ಪೀಕರಿನಲ್ಲಿ ಎದ್ದು ಕೂಗುವುದು ಎಲ್.ಆರ್. ಈಶ್ವರಿಯವರ ಕಂಠ. ಸಿನಿಮಾದಲ್ಲಿ ಕ್ಲಬ್ ಡಾನ್ಸಿನ ಹಾಡುಗಳೆಂದರೆ ಅವರೇ ಎಂದು ಹೆಸರಾದವರು, ಕನ್ನಡದಲ್ಲಿಯೂ ಹಾಡಿದ್ದಾರೆ. ಅದೇ ಕಂಠದಿಂದ ಬಂದ ಮಾರಿಯಮ್ಮನ ಹಾಡಿಗೆ ಕೂಳು ಕಾಯಿಸುವ ಹೆಂಗಸರು ಕೈಮುಗಿಯುತ್ತಾರೆ. ಅಮ್ಮನೂ ಬೇಡವೆಂದ ಸುದ್ದಿ ಇಲ್ಲ. ನಮ್ಮ ನಿದ್ದೆ ಕೆಡುತ್ತದೆಂಬುದು ಬೇರೆಯ ದೂರು. ಭಾನುವಾರ ಹೊತ್ತೇರಿದ ಮೇಲೆ ಆಚೆಯ ಬೀದಿಯ ಚರ್ಚಿನಿಂದ ಕೇಳಿಬರುವ ತಮಿಳು ಕೀರ್ತನೆಗಳನ್ನು ಕಿವಿಗೊಟ್ಟು ಕೇಳಿದರೆ ಅಲ್ಲಿಯೂ ನಮ್ಮ ಪರಿಚಯದ ರಾಗಗಳೇ. ಅಂಥ ಕೀರ್ತನೆಗಳನ್ನು ಕಟ್ಟಿದ ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ ತ್ಯಾಗರಾಜರ ಕಾಲದವರೇ.

ಊರಿಗೆ ಬಂದ ಮರುದಿನ ನಮ್ಮ ಮನೆಯವರನ್ನು ಕರೆದುಕೊಂಡು ಆ ಸೋದರಿಯ ಮನೆಗೆ ಹೋದೆವು. ಸಭೆಯಲ್ಲಿ ನಡೆದದ್ದು ಅವರಿಗೆ ಆಗಲೇ ಮುಟ್ಟಿತ್ತು. ನಮ್ಮ ಸಂಘದಲ್ಲಿ ನಡವಳಿ ಒಣಗುವ ಮುಂಚೆಯೇ ಸುದ್ದಿ ಬೀದಿ ದಾಟುತ್ತದೆ. ಕಾಫಿ ಕೊಟ್ಟರು. ಗೋಡೆಯ ಮೇಲೆ ಹಳೆಯ ಆರ್ಕೆಸ್ಟ್ರಾ ದಿನಗಳ ಒಂದು ಪಟ. ಜರಿ ಸೀರೆ, ಕೈಯಲ್ಲಿ ಮೈಕು, ಹಿಂದೆ ಕೀಬೋರ್ಡಿನವನು. ಅದರ ಪಕ್ಕದಲ್ಲಿಯೇ ದಾಸರ ಪಟ.

ನಾವು ಗಂಟಲು ಸರಿಮಾಡಿಕೊಂಡು, "ನೀವು ಈಗ ಆ ಹಾಡುಗಳನ್ನೆಲ್ಲ ಬಿಟ್ಟು ದಾಸರ ಪದಗಳಿಗೇ ನಿಂತಿದ್ದೀರಿ ಅಂತ ಸಭೆಯಲ್ಲಿ ಹೇಳಿದರೆ ಒಪ್ಪಿಕೊಂಡಾರು ಅಂತ ನಮಗೆ ತೋರುತ್ತದೆ, ಅಕ್ಕ" ಎಂದೆವು. ಸಹಾಯ ಮಾಡುತ್ತಿದ್ದೇವೆಂದೇ ನಮ್ಮ ಭಾವನೆ.

ಅವರು ನಗಲಿಲ್ಲ, ಕೋಪವನ್ನೂ ಮಾಡಲಿಲ್ಲ. "ಹಾಗೆ ಹೇಳಬೇಡಿ ಸಾರ್, ಅದು ಸುಳ್ಳಾಗತ್ತೆ. ಬಿಟ್ಟದ್ದು ನಾನಲ್ಲ, ರಾತ್ರಿ ಮೂರು ಗಂಟೆ ನಿಂತು ಹಾಡೋಕೆ ಕಾಲು ಬಿಟ್ಟುಬಿಡ್ತು. ಇವರು ತೀರಿಕೊಂಡ ಮೇಲೆ ಮಗಳ ಕಾಲೇಜಿನ ಫೀಸು ಕಟ್ಟಿದ್ದು ಆ ಹಾಡುಗಳೇ. ಇವತ್ತೂ ಒಲೆ ಮುಂದೆ ನಿಂತಾಗ ಒಂದು ಅದು, ಒಂದು ಇದು ಬರತ್ತೆ. ದಾಸರ ಪದ ಹಾಡೋವಾಗ ಮನಸ್ಸಿಗೆ ಬೇರೆ ಥರ ಆಗತ್ತೆ, ಅದು ನಿಜ. ಯಾಕೆ ಅಂದರೆ ನನಗೆ ಹೇಳೋಕೆ ಬರೋಲ್ಲ."

ನಮ್ಮ ಮನೆಯವರು ಲೋಟದ ಮೇಲಿಂದ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

"ಮುಂದೆ ಕೂರಿಸಲೇಬೇಕು ಅಂತ ಏನಿಲ್ಲ. ಎರಡನೇ ಸಾಲಿನಲ್ಲಿ ಕೂತು ಹಾಡು ಅಂದರೂ ಹಾಡ್ತೀನಿ," ಎಂದರು ಆ ಸೋದರಿ, ಕ್ಷಮಾಪಣೆ ಬರೆದುಕೊಟ್ಟು ಬಾ ಅಂದರೆ ಮಾತ್ರ ಆಗದು ಎಂದು ಸೇರಿಸಿ, ಇನ್ನೊಂದು ಅರ್ಧ ಲೋಟ ಕಾಫಿ ಬೇಕೇ ಎಂದು ಕೇಳಿದರು.

ಮನೆಗೆ ಬರುವ ದಾರಿಯಲ್ಲಿ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ. ಅತ್ತೆಯವರಿಗೆ ಎಲ್ಲವನ್ನೂ ವರದಿ ಮಾಡಿದಾಗ, "ನಾಗರತ್ನಮ್ಮನ ಹತ್ತಿರ ದುಡ್ಡಿತ್ತು, ಗುಡಿ ಕಟ್ಟಿ ಕೇಳಿದಳು. ಇವಳ ಹತ್ತಿರ ಏನಿದೆ?" ಎಂದರು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ನಮ್ಮ ಹತ್ತಿರ ನಡವಳಿಯ ಪುಸ್ತಕವಿದೆ.

ಮುಂದಿನ ಸಭೆಯ ಕಾರ್ಯಸೂಚಿಯನ್ನು ತಯಾರಿಸುವುದು ಸಹಕಾರ್ಯದರ್ಶಿಗಳ ಕೆಲಸ. ಮುಂದೂಡಿದ ವಿಷಯಗಳನ್ನು ಕೊನೆಯಲ್ಲಿ, 'ಇತರೆ' ಎಂಬುದಕ್ಕೆ ಮೊದಲು ಹಾಕುವುದು ನಮ್ಮ ವಾಡಿಕೆ. ಅಷ್ಟು ಹೊತ್ತಿಗೆ ಅರ್ಧ ಜನ ಎದ್ದುಹೋಗಿರುತ್ತಾರೆ. ಈ ಸಲ ಒಂದನೆಯ ಅಂಕಿಯ ಎದುರಿಗೇ ಬರೆದಿದ್ದೇವೆ. ಸೂಚಕರು ಎಂಬಲ್ಲಿ ನಮ್ಮ ಹೆಸರನ್ನೇ ಹಾಕಿದ್ದೇವೆ. ಅನುಮೋದಕರು ಎಂಬಲ್ಲಿ ಸದ್ಯಕ್ಕೆ ಖಾಲಿ ಇದೆ. ಸಭೆ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಎಂದಿನ ಸ್ಥಳದಲ್ಲಿ. ಸಮಿತಿಯ ಸದಸ್ಯರಲ್ಲದವರೂ ಬಂದು ಕೇಳಬಹುದೆಂದು ನಿಯಮಾವಳಿಯಲ್ಲಿದೆ, ನೋಡಿಕೊಂಡೇ ಹೇಳುತ್ತಿದ್ದೇವೆ. ಅತ್ತೆಯವರು ತಾವೂ ಬರುವುದಾಗಿ ಹೇಳಿ, ಆಟೋ ಗೊತ್ತುಮಾಡಲು ಈಗಲೇ ಒತ್ತಾಯಿಸುತ್ತಿದ್ದಾರೆ. ಕಾಫಿ ತಿಂಡಿಯ ಏರ್ಪಾಡು ಉಂಟು.